ನೀರು ಕಡಿಮೆ ಬೇಡುವ ಬಂಡೆ ತೋಟ: ಕೋಲಾರದ ಒಂದು ನಿವೇಶನದ ಬಗ್ಗೆ ಸಲಹೆ ಬೇಕು

ಬಂಡೆಮನೆ (ಕೋಲಾರ), ಏಪ್ರಿಲ್ 12

ಎಲ್ಲರಿಗೂ ನಮಸ್ಕಾರ. ಕೋಲಾರದ ಹೊರವಲಯದಲ್ಲಿ, ಅಂತರಗಂಗೆ ಬೆಟ್ಟ ಕಿಟಕಿಯಿಂದಲೇ ಕಾಣುವಂತಹ ಜಾಗದಲ್ಲಿ, ನಲವತ್ತು ಅರವತ್ತರ ನಿವೇಶನದಲ್ಲಿ ನಾವು ಮನೆ ಕಟ್ಟಿ ಒಂದು ವರ್ಷವಾಯಿತು. ಮನೆ 1200 ಚದರಡಿ ಇದ್ದು, ಮುಂಭಾಗ ಮತ್ತು ಪೂರ್ವದ ಬದಿ ಸೇರಿ ಸುಮಾರು 900 ಚದರಡಿ ಖಾಲಿ ಉಳಿದಿದೆ. ಕೊಳವೆಬಾವಿ ಕೊರೆಸಿಲ್ಲ. ಪಕ್ಕದವರು ಸಾವಿರದ ಇನ್ನೂರು ಅಡಿ ಕೊರೆಸಿಯೂ ಬರೀ ಧೂಳು ಕಂಡದ್ದನ್ನು ನೋಡಿದ ಮೇಲೆ ನಮಗೆ ಧೈರ್ಯ ಬರಲಿಲ್ಲ. ನಲ್ಲಿಯಲ್ಲಿ ನೀರು ಬಂದ ದಿನ ಸಂಪು ತುಂಬಿಸಿಕೊಳ್ಳುತ್ತೇವೆ, ಸಾಲದಿದ್ದರೆ ಟ್ಯಾಂಕರ್ ಕರೆಸುತ್ತೇವೆ.

ಕಲ್ಲು, ಕಳ್ಳಿ, ಕತ್ತಾಳೆಗಳ ಒಣಸೀಮೆಯ ಸೊಬಗು ನನಗೆ ಮೊದಲಿನಿಂದಲೂ ಇಷ್ಟ. ತೋಟದ ಕೆಲಸ ಮಾಡಿಸುವ ಗುತ್ತಿಗೆದಾರರೊಬ್ಬರು ಬಂದು ನೋಡಿ, ನೆಲಕ್ಕೆಲ್ಲ ಕಪ್ಪು ಪ್ಲಾಸ್ಟಿಕ್ ಹಾಸಿ ಮೇಲೆ ಬಿಳಿ ಉರುಟುಗಲ್ಲು ಸುರಿದು, ನಡುವೆ ದುಂಡನೆಯ ಹುಲ್ಲುಹಾಸು, ಅದರ ಸುತ್ತ ನಾಲ್ಕು ಖರ್ಜೂರದ ಗಿಡ, ಗೋಡೆಯ ಉದ್ದಕ್ಕೂ ಸಾಲಾಗಿ ಕಳ್ಳಿ ಎಂದು ನಕ್ಷೆ ಬರೆದು ಕೊಟ್ಟಿದ್ದಾರೆ. ದರ ಕೇಳಿ ತಲೆ ತಿರುಗಿತು. ಮನೆಯ ಮುಂದೆ ಮುಳ್ಳಿನ ಗಿಡ ಇಡಬಾರದೆಂದು ನಮ್ಮ ಮನೆಯವರ ವಾದ ಬೇರೆ. ಅನುಭವವಿದ್ದವರು ದಾರಿ ತೋರಿಸಬೇಕೆಂದು ಕೋರುತ್ತೇನೆ.

ಸಸಿಮಡಿ (ಚಿಂತಾಮಣಿ), ಏಪ್ರಿಲ್ 12

ಗಿಡದ ಹೆಸರು ಹೇಳುವ ಮೊದಲು ಮೂರು ವಿಷಯ ತಿಳಿಯಬೇಕು, ಸರ್. ಮಣ್ಣು ಎಂಥದು, ಮಳೆನೀರು ಯಾವ ಕಡೆಗೆ ಇಳಿಯುತ್ತದೆ, ಮಧ್ಯಾಹ್ನದ ಬಿಸಿಲು ಎಲ್ಲಿ ಬೀಳುತ್ತದೆ? ಎರಡು ಮೂರು ಕಡೆ ಒಂದಡಿ ಗುಂಡಿ ತೆಗೆದು ನೀರು ತುಂಬಿಸಿ, ಒಮ್ಮೆ ಪೂರ್ತಿ ಇಂಗಿದ ಮೇಲೆ ಮತ್ತೊಮ್ಮೆ ತುಂಬಿಸಿ, ಎರಡನೆಯ ಸಲ ಇಂಗಲು ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು ಬರೆಯಿರಿ.

ಬಂಡೆಮನೆ (ಕೋಲಾರ), ಏಪ್ರಿಲ್ 14

ನೋಡಿದೆ. ಮೇಲಿನ ಅರ್ಧ ಅಡಿ ಕಟ್ಟಡದ ಕಸ: ಇಟ್ಟಿಗೆ ಚೂರು, ಗಾರೆ, ಎಂ-ಸ್ಯಾಂಡ್. ಅದರ ಕೆಳಗೆ ಕೆಂಪು ಗರಸು. ಗೇಟಿನ ಬಳಿಯ ಗುಂಡಿಯಲ್ಲಿ ನೀರು ಒಂದು ಗಂಟೆಯೊಳಗೆ ಇಂಗಿತು. ಪೂರ್ವದ ಮೂಲೆಯ ಗುಂಡಿಯಲ್ಲಿ ಮಾತ್ರ ಮರುದಿನ ಬೆಳಿಗ್ಗೆಯೂ ನಾಲ್ಕು ಬೆರಳು ನೀರು ನಿಂತಿತ್ತು, ಏಕೆಂದರೆ ಅಲ್ಲಿ ಎರಡಡಿಗೇ ಹಾರೆ ಬಂಡೆಗೆ ತಾಗಿ ಠಣ್ ಎಂದಿತು. ಇಳಿಜಾರು ಕೂಡ ಆ ಮೂಲೆಗೇ ಇದೆ. ಮಧ್ಯಾಹ್ನದ ಬಿಸಿಲು ಮುಂಭಾಗಕ್ಕೆ, ಅಂದರೆ ಪಶ್ಚಿಮಕ್ಕೆ ನೇರವಾಗಿ ಹೊಡೆಯುತ್ತದೆ.

ಗರಸುಭೂಮಿ (ಪಾವಗಡ), ಏಪ್ರಿಲ್ 14

ಬಂಡೆಮನೆಯವರೇ, ಗುತ್ತಿಗೆದಾರರ ನಕ್ಷೆಯಲ್ಲಿ ಒಂದು ಗೊಂದಲವಿದೆ. ಒಣಗಿದಂತೆ ಕಾಣುವ ತೋಟ ಒಂದು, ಕಡಿಮೆ ನೀರಿನಲ್ಲಿ ಬದುಕುವ ತೋಟ ಇನ್ನೊಂದು. ಎರಡೂ ಒಂದೇ ಎಂದು ಅವರು ಭಾವಿಸಿದ್ದಾರೆ. ಖರ್ಜೂರ ಮರಳುಗಾಡಿನ ನೆನಪು ತರುತ್ತದೆ ನಿಜ, ಆದರೆ ಅದು ಅಲ್ಲಿ ಬೆಳೆಯುವುದು ನೀರಿನ ಸೆಲೆಯ ಪಕ್ಕದಲ್ಲಿ. ಕೋಲಾರದವರಿಗೆ ನೀಲಗಿರಿಯ ಉದಾಹರಣೆಯೇ ಸಾಕು. ಬೂದು ಎಲೆ, ಸುಲಿಯುವ ತೊಗಟೆ, ನೋಡಲು ಬಹಳ ಮಿತವ್ಯಯದ ಮರ, ಆದರೆ ಅಂತರ್ಜಲ ಹೀರುತ್ತದೆಂದು ಸರ್ಕಾರ 2017ರಲ್ಲಿ ಅದನ್ನು ಹೊಸದಾಗಿ ನೆಡುವುದನ್ನೇ ನಿಷೇಧಿಸಬೇಕಾಯಿತು. ಇತ್ತ ನಮ್ಮ ಹೊಂಗೆ ಏಪ್ರಿಲಿನ ಬೆಂಕಿಯಲ್ಲಿ ಎಳೆ ಹಸಿರು ಚಿಗುರು ತೊಟ್ಟು ನಿಂತಿರುತ್ತದೆ, ಅದಕ್ಕೆ ಯಾರೂ ಒಂದು ಕೊಡ ನೀರು ಹಾಕಿರುವುದಿಲ್ಲ.

ಹುಲ್ಲುಹಾಸಿನ ಲೆಕ್ಕ ನೋಡಿ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ನೀರು ಎಂದರೆ ಒಂದು ಲೀಟರ್. ನಮ್ಮ ಕಡೆಯ ಬೇಸಿಗೆಯಲ್ಲಿ ಹುಲ್ಲು ಹಸಿರಾಗಿರಬೇಕಾದರೆ ದಿನಕ್ಕೆ ಸುಮಾರು ಐದು ಮಿಲಿಮೀಟರ್ ಬೇಕು. ನಿಮ್ಮ 900 ಚದರಡಿ ಎಂದರೆ 84 ಚದರ ಮೀಟರ್, ಪೂರ್ತಿ ಹುಲ್ಲು ಹಾಸಿದರೆ ದಿನಕ್ಕೆ 420 ಲೀಟರ್, ತಿಂಗಳಿಗೆ ಹನ್ನೆರಡು ಸಾವಿರಕ್ಕೂ ಮೇಲೆ. ಅಂದರೆ ಆರು ಸಾವಿರ ಲೀಟರಿನ ಎರಡು ಟ್ಯಾಂಕರ್ ಬರೀ ಹುಲ್ಲಿಗೆ. ದುಂಡನೆಯ ಹುಲ್ಲುಹಾಸು ಇದರ ಕಾಲು ಭಾಗವಿದ್ದರೂ ಎರಡು ತಿಂಗಳಿಗೊಂದು ಟ್ಯಾಂಕರ್ ಅದಕ್ಕೇ ಹೋಯಿತು.

ಈಗ ಇನ್ನೊಂದು ಲೆಕ್ಕ. ನಿಮ್ಮ ತಾರಸಿ 111 ಚದರ ಮೀಟರ್. ಕೋಲಾರದಲ್ಲಿ ಸಾಧಾರಣ ವರ್ಷ 700 ಮಿ.ಮೀ. ಮಳೆ ಬಿದ್ದರೆ, ಆವಿಯಾಗಿ ಚೆಲ್ಲಿ ಹೋಗುವ ಐದನೇ ಒಂದು ಭಾಗ ಕಳೆದರೂ ಅರವತ್ತು ಸಾವಿರ ಲೀಟರಿನಷ್ಟು ನೀರು ನಿಮ್ಮ ಕೊಳವೆಯಲ್ಲಿ ಇಳಿದು ಚರಂಡಿಗೆ ಹೋಗುತ್ತಿದೆ. ತೋಟದ ವಿನ್ಯಾಸವನ್ನು ಗಿಡದಿಂದ ಆರಂಭಿಸಬೇಡಿ, ಈ ಕೊಳವೆಯಿಂದ ಆರಂಭಿಸಿ.

ಮಾದರಿ ಬೇಕಾದರೆ ಒಂದು ದಿನ ಬೆಳಿಗ್ಗೆ ನಿಮ್ಮ ಬೆಟ್ಟವನ್ನೇ ಹತ್ತಿ ನೋಡಿ. ಬಂಡೆಯ ಮೈಮೇಲೆ ಏನೂ ಇರುವುದಿಲ್ಲ. ಅದರ ಮೇಲೆ ಬಿದ್ದ ಮಳೆಯೆಲ್ಲ ಹರಿದು ಬುಡದ ಬಿರುಕಿಗೆ, ಎರಡು ಬಂಡೆಗಳ ನಡುವಿನ ಮಣ್ಣಿಗೆ ಬರುತ್ತದೆ. 700 ಮಿ.ಮೀ. ಮಳೆಯ ಊರಿನಲ್ಲಿ ಆ ಬಿರುಕಿನ ಗಿಡಕ್ಕೆ ಸಿಗುವುದು ಅದರ ಎರಡು ಮೂರು ಪಟ್ಟು. ಮೇಲಿಂದ ಬಂಡೆ ನೆರಳು ಕೊಡುತ್ತದೆ, ಬೇರನ್ನು ತಂಪಾಗಿಡುತ್ತದೆ. ನಿಮ್ಮ ಮನೆಯೇ ಬಂಡೆ, ತಾರಸಿಯೇ ಅದರ ಬೆನ್ನು ಎಂದುಕೊಂಡರೆ ಉಳಿದದ್ದು ಸುಲಭ.

ಕೆರೆಯಂಗಳ (ಶಿಡ್ಲಘಟ್ಟ), ಏಪ್ರಿಲ್ 15

ಗರಸುಭೂಮಿಯವರ ಮಾತಿಗೆ ನನ್ನ ಕಹಿ ಅನುಭವವನ್ನು ಸೇರಿಸುತ್ತೇನೆ. ಐದು ವರ್ಷದ ಹಿಂದೆ ನಾನೂ ಪ್ಲಾಸ್ಟಿಕ್ ಹಾಸಿ ಬಿಳಿ ಕಲ್ಲು ಹಾಕಿಸಿದವಳು. ಮೊದಲ ಆರು ತಿಂಗಳು ಫೋಟೋ ತೆಗೆಯಲು ಚೆನ್ನಾಗಿತ್ತು. ಮಾರ್ಚಿನಲ್ಲಿ ಆ ಬಿಳುಪು ಕಣ್ಣಿಗೆ ಹೊಡೆಯತೊಡಗಿತು. ರಾತ್ರಿ ಎಂಟರ ಮೇಲೂ ಕಲ್ಲಿನ ಕಾವು ಕಿಟಕಿಯಿಂದ ಒಳಗೆ ಬರುತ್ತಿತ್ತು. ಎರಡನೆಯ ವರ್ಷ ಕಲ್ಲಿನ ಸಂದಿಯಲ್ಲಿ ಧೂಳು ಕುಳಿತು, ಆ ಧೂಳಿನಲ್ಲೇ ಕಳೆ ಹುಟ್ಟಿ, ಕೀಳಲು ಹೋದರೆ ಪ್ಲಾಸ್ಟಿಕ್ ಹರಿದು ಮೇಲೆ ಬರುತ್ತಿತ್ತು. ಪ್ಲಾಸ್ಟಿಕ್ಕಿನ ಅಡಿಯ ಮಣ್ಣನ್ನು ನೀವು ನೋಡಬೇಕಿತ್ತು: ಸುಟ್ಟ ಇಟ್ಟಿಗೆಯಂತೆ ಗಟ್ಟಿ, ಒಂದು ಎರೆಹುಳವೂ ಇಲ್ಲ.

ಅದಕ್ಕಿಂತ ದೊಡ್ಡ ಪಾಠ ಕಲಿಸಿದ್ದು ಅಕ್ಟೋಬರ್. ಬಯಲುಸೀಮೆ ಎಂದರೆ ಮರಳುಗಾಡು ಎಂದು ನಾನು ತಿಳಿದಿದ್ದೆ. ನಮ್ಮ ಮಳೆ ಹೆಚ್ಚಾಗಿ ಬೀಳುವುದು ಸೆಪ್ಟೆಂಬರ್ ಮತ್ತು ಅಕ್ಟೋಬರಿನಲ್ಲಿ, ಅದೂ ನಾಲ್ಕೈದು ದಿನ ಬಿಡದೆ. ಡಿಸೆಂಬರಿನಿಂದ ಮಾರ್ಚಿನವರೆಗೆ ಒಂದು ಹನಿಯೂ ಇಲ್ಲದೆ ನಗುನಗುತ್ತಿದ್ದ ಉರುಟು ಕಳ್ಳಿಗಳು ಆ ಒಂದು ವಾರದಲ್ಲಿ ಬುಡ ಕೊಳೆತು ಹೋದವು. ಬೆರಳಿನಿಂದ ಮುಟ್ಟಿದರೆ ಹಣ್ಣಾದ ಸಪೋಟದಂತೆ ಒಳಗೆ ಇಳಿಯುತ್ತಿತ್ತು. ಹನ್ನೊಂದರಲ್ಲಿ ಒಂಬತ್ತು ಹೋದವು. ಈ ಸೀಮೆಯಲ್ಲಿ ಕಳ್ಳಿ ಸಾಯುವುದು ಬಾಯಾರಿಕೆಯಿಂದ ಅಲ್ಲ.

ಸಸಿಮಡಿ (ಚಿಂತಾಮಣಿ), ಏಪ್ರಿಲ್ 15

ಮೇಡಂ ಹೇಳಿದ್ದು ನೂರಕ್ಕೆ ನೂರು ಸರಿ. ಕಳ್ಳಿ ಜಾತಿಯ ಬಹಳಷ್ಟು ಗಿಡಗಳು ಹಗಲು ಎಲೆ ಅಥವಾ ಕಾಂಡದ ರಂಧ್ರಗಳನ್ನು ಮುಚ್ಚಿಕೊಂಡು, ರಾತ್ರಿ ತಂಪಾದ ಮೇಲೆ ತೆರೆದು ಉಸಿರಾಡುತ್ತವೆ. ಆದ್ದರಿಂದಲೇ ಅವು ನೀರನ್ನು ಅಷ್ಟು ಮಿತವಾಗಿ ಖರ್ಚು ಮಾಡುವುದು. ಕೊಟ್ಟ ನೀರನ್ನು ಬೇಗ ಕುಡಿದು ಮುಗಿಸುವ ಶಕ್ತಿ ಅವಕ್ಕಿಲ್ಲದಿರುವುದರಿಂದ ಮಣ್ಣಿನಿಂದ ನೀರು ತಾನಾಗಿಯೇ ಇಳಿದು ಹೋಗಬೇಕು. ಅವನ್ನು ನೆಲಮಟ್ಟದಲ್ಲಿ ನೆಡದೆ ಒಂದರಿಂದ ಒಂದೂವರೆ ಅಡಿ ಎತ್ತರದ ದಿಣ್ಣೆ ಮಾಡಿ ನೆಡಿರಿ. ಒಂದು ಪಾಲು ಕೆಂಪು ಮಣ್ಣಿಗೆ ಒಂದು ಪಾಲು ಗರಸು ಅಥವಾ ದಪ್ಪ ಮರಳು ಸೇರಿಸಿ. ಕೊಟ್ಟಿಗೆ ಗೊಬ್ಬರ ಹಿಡಿಯಷ್ಟು ಸಾಕು, ಹೆಚ್ಚು ಹಾಕಿದರೆ ಗಿಡ ಕೊಬ್ಬಿ ಮೆತ್ತಗಾಗುತ್ತದೆ. ಗಿಡದ ಕುತ್ತಿಗೆ ಮಣ್ಣಿಗಿಂತ ಒಂದು ಬೆರಳು ಮೇಲಿರಲಿ, ಅದರ ಸುತ್ತ ಮಾತ್ರ ಎರಡು ಅಂಗುಲ ಜಲ್ಲಿ ಹರಡಿ. ಜಲ್ಲಿಯನ್ನು ಊರಿನ ಕ್ರಷರಿನಿಂದಲೇ ತನ್ನಿ. ನಮ್ಮ ಬೂದು ಗ್ರಾನೈಟಿನ ಬಣ್ಣ ನಮ್ಮ ಕೆಮ್ಮಣ್ಣಿಗೆ ಒಪ್ಪುವಷ್ಟು ಬೇರೆ ಊರಿನ ಬಿಳಿ ಕಲ್ಲು ಒಪ್ಪುವುದಿಲ್ಲ.

ಪೂರ್ವದ ಮೂಲೆಗೆ, ಅಂದರೆ ನೀರು ನಿಲ್ಲುವ ಕಡೆ, ಇವು ಯಾವುವನ್ನೂ ಇಡಬೇಡಿ.

ನಿತ್ಯಪುಷ್ಪ (ಚಿಕ್ಕಬಳ್ಳಾಪುರ), ಏಪ್ರಿಲ್ 16

ಎಲ್ಲರೂ ಕಲ್ಲು, ಕಳ್ಳಿ ಎನ್ನುತ್ತಿದ್ದೀರಿ. ಬಂಡೆಮನೆಯವರ ಮನೆಯವರ ಪರವಾಗಿ ನಾನು ಎರಡು ಮಾತು ಹೇಳಬೇಕು. ಬೆಳಿಗ್ಗೆ ಬಾಗಿಲು ತೆರೆದರೆ ದೇವರಿಗೆ ನಾಲ್ಕು ಹೂವು ಸಿಗದ ತೋಟ ಹೆಂಗಸರಿಗೆ ಯಾತಕ್ಕೆ? ಮುಳ್ಳು ಬಾಗಿಲಿಗೆ ಬೇಡವೆಂಬುದನ್ನು ಮೂಢನಂಬಿಕೆ ಎಂದು ತಳ್ಳಿಹಾಕಬೇಡಿ. ಕತ್ತಾಳೆಯ ಎಲೆಯ ತುದಿ ಸರಿಯಾಗಿ ಮೂರು ವರ್ಷದ ಮಗುವಿನ ಕಣ್ಣಿನ ಎತ್ತರಕ್ಕೆ ಬರುತ್ತದೆ.

ಗರಸುಭೂಮಿ (ಪಾವಗಡ), ಏಪ್ರಿಲ್ 16

ತಪ್ಪಾಯಿತು ತಾಯಿ, ಹೂವನ್ನು ಮರೆತಿದ್ದೆವು. ಆದರೆ ಬರ ತಡೆಯುವ ಹೂವಿಗೆ ನಮ್ಮಲ್ಲಿ ಕೊರತೆಯಿಲ್ಲ. ತಂಗಡಿ ರಸ್ತೆ ಬದಿಯ ಗಿಡವೆಂದು ಯಾರೂ ಮನೆಗೆ ತರುವುದಿಲ್ಲ, ಆದರೆ ಅಷ್ಟು ಹಳದಿ ಹೂವನ್ನು ಅಷ್ಟು ಕೆಟ್ಟ ಮಣ್ಣಿನಲ್ಲಿ ಕೊಡುವ ಇನ್ನೊಂದು ಗಿಡ ನನಗೆ ಗೊತ್ತಿಲ್ಲ. ದೇವಕಣಗಿಲೆ, ಸ್ಫಟಿಕ, ನಿಮ್ಮ ಹೆಸರಿನ ನಿತ್ಯಪುಷ್ಪ ಇವೆಲ್ಲ ಬೇರೂರಿದ ಮೇಲೆ ವಾರಕ್ಕೊಮ್ಮೆ ನೀರು ಕಂಡರೆ ಸಾಕು. ಕಣಗಿಲೆಯೂ ಗಟ್ಟಿ ಗಿಡವೇ, ಆದರೆ ಅದರ ಎಲೆ, ಹೂವು, ಕಾಂಡ ಎಲ್ಲವೂ ವಿಷ. ಮೇಕೆ, ಕರು ಬರುವ ಕಡೆ ಬೇಡ.

ಮಲ್ಲಿಗೆ, ದಾಸವಾಳ ಬೇಕೇ ಬೇಕೆಂದರೆ ಅವನ್ನು ಬಚ್ಚಲಿನ ಅಥವಾ ಅಡುಗೆಮನೆಯ ಹಿಂಬಾಗಿಲ ಹತ್ತಿರ, ತರಕಾರಿ ತೊಳೆದ ನೀರು ಕೈಗೆಟಕುವ ಜಾಗದಲ್ಲಿ ಒಟ್ಟಿಗೆ ಇಡಿ. ನೀರು ಬೇಡುವ ಗಿಡಗಳನ್ನು ಒಂದು ಗುಂಪು, ಅಪರೂಪಕ್ಕೆ ಬೇಡುವವನ್ನು ಒಂದು ಗುಂಪು, ಬೇಡದವನ್ನು ಇನ್ನೊಂದು ಗುಂಪು ಮಾಡುವ ಈ ಕ್ರಮಕ್ಕೆ ಅಮೆರಿಕದ ಡೆನ್ವರ್ ನಗರದ ನೀರು ಸರಬರಾಜು ಸಂಸ್ಥೆಯವರು 1981ರಲ್ಲಿ ಜೆರಿಸ್ಕೇಪ್ ಎಂದು ಹೆಸರಿಟ್ಟರು. ಹಿತ್ತಲಲ್ಲಿ ಬಾಳೆ, ಬೇಲಿಯಲ್ಲಿ ಕತ್ತಾಳೆ ಬೆಳೆಸುತ್ತಿದ್ದ ನಮ್ಮ ಅಜ್ಜಿ ಅದಕ್ಕೆ ಹೆಸರಿಡುವ ಗೋಜಿಗೆ ಹೋಗಲಿಲ್ಲ, ಅಷ್ಟೇ.

ತೆಂಗಿನಸಿಪ್ಪೆ (ತಿಪಟೂರು), ಏಪ್ರಿಲ್ 17

ಕಲ್ಲಿನ ಹೊದಿಕೆ ಕಳ್ಳಿಯ ದಿಣ್ಣೆಗೆ ಸರಿ. ಮರ ಮತ್ತು ಹೂಗಿಡಗಳ ಪಾತಿಗೆ ತೆಂಗಿನ ಸಿಪ್ಪೆಯನ್ನು ಹೊರಮೈ ಮೇಲಾಗಿ ಜೋಡಿಸಿ. ಮಳೆ ಬಂದಾಗ ನಾರು ನೀರು ಹೀರಿಕೊಂಡು ನಿಧಾನವಾಗಿ ಬಿಡುತ್ತದೆ. ಗೆದ್ದಲು ಬರುವುದು ಖಂಡಿತ, ಆದರೆ ಒಣ ಸಿಪ್ಪೆ ಇರುವವರೆಗೆ ಅದು ಬಲಿತ ಹಸಿ ಗಿಡದ ತಂಟೆಗೆ ಹೋಗುವುದು ಕಡಿಮೆ. ಸಿಪ್ಪೆಯನ್ನು ಕಾಂಡದಿಂದ ಒಂದು ಗೇಣು, ಮನೆಯ ಗೋಡೆಯಿಂದ ಮೂರಡಿ ದೂರ ಇಟ್ಟರೆ ಸಾಕು. ಬಾಗಿಲಿನ ಚೌಕಟ್ಟು ಮರದ್ದಾಗಿದ್ದರೆ ಈ ಮೂರಡಿಯ ಮಾತನ್ನು ಮರೆಯಬೇಡಿ.

ಬಂಡೆಮನೆ (ಕೋಲಾರ), ಏಪ್ರಿಲ್ 18

ಎಲ್ಲರಿಗೂ ಕೃತಜ್ಞತೆಗಳು. ಹುಲ್ಲುಹಾಸು, ಖರ್ಜೂರ, ಪ್ಲಾಸ್ಟಿಕ್ ಮೂರನ್ನೂ ಕೈಬಿಟ್ಟೆವು. ಎರಡು ಅನುಮಾನಗಳು ಉಳಿದಿವೆ. ತಾರಸಿಯ ನೀರನ್ನು ತೋಟಕ್ಕೆ ತಿರುಗಿಸುವುದು ಹೇಗೆ? ಕಲ್ಲು ಜೋಡಿಸಿದರೆ ಹಾವು ಬರುವುದಿಲ್ಲವೇ?

ಗರಸುಭೂಮಿ (ಪಾವಗಡ), ಏಪ್ರಿಲ್ 19

ಒಂದು ಜೋರು ಮಳೆ 30 ಮಿ.ಮೀ. ಎಂದಿಟ್ಟುಕೊಂಡರೆ ನಿಮ್ಮ ತಾರಸಿಯಿಂದ ಮೂರು ಸಾವಿರ ಲೀಟರಿಗೂ ಹೆಚ್ಚು ನೀರು ಒಂದೆರಡು ಗಂಟೆಯಲ್ಲಿ ಇಳಿಯುತ್ತದೆ. ಇಷ್ಟನ್ನು ಹಿಡಿಯಲು ನಲವತ್ತು ಅಡಿ ಉದ್ದ, ಮೂರಡಿ ಅಗಲ, ಒಂದಡಿ ಆಳದ ತಗ್ಗು ಸಾಕು. ಕೊಳವೆಯ ಬಾಯಿಯಿಂದ ಹೊರಟು, ಗೇಟಿನ ಕಡೆ ಹಾವಿನಂತೆ ಬಳುಕಿ ಪೂರ್ವದ ಮೂಲೆಗೆ ಮುಗಿಯಲಿ. ತಳ ಮಟ್ಟವಾಗಿರಲಿ, ನಡುನಡುವೆ ಚಪ್ಪಡಿ ಕಲ್ಲಿನ ಸಣ್ಣ ತಡೆ ಇಡಿ. ತಳಕ್ಕೆ ದಪ್ಪ ಕಲ್ಲು ಹಾಸಿದರೆ ಬೇಸಿಗೆಯಲ್ಲಿ ಅದು ಒಣಗಿದ ಹಳ್ಳದಂತೆ ಕಾಣುತ್ತದೆ, ಮತ್ತು ನೀವು ಬಯಸಿದ ಒಣಸೀಮೆಯ ನೋಟ ಅಲ್ಲಿಂದಲೇ ಬರುತ್ತದೆ. ಅಗೆದ ಮಣ್ಣನ್ನು ಹೊರಗೆ ಸಾಗಿಸಬೇಡಿ, ಕಸ ಬೇರ್ಪಡಿಸಿ ಅದರಿಂದಲೇ ಕಳ್ಳಿಯ ದಿಣ್ಣೆ ಮಾಡಿ. ತಗ್ಗು ಮನೆಯ ಪಾಯದಿಂದ ಐದಾರು ಅಡಿ ದೂರವಿರಲಿ. ಮೊದಲ ಮಳೆಯ ಕೊಳೆ ನೀರನ್ನು ತೋಟಕ್ಕೆ ಬಿಟ್ಟರೂ ತೊಂದರೆಯಿಲ್ಲ.

ಪಶ್ಚಿಮದ ಬಿಸಿಲಿಗೆ ಅಡ್ಡಲಾಗಿ ತಗ್ಗಿನ ಅಂಚಿನಲ್ಲಿ ಒಂದು ಮರ ನೆಡಲೇಬೇಕು. ದೊಡ್ಡ ಜಾಗವಿದ್ದರೆ ಹೊಂಗೆ ಅಥವಾ ಬೇವು ಎನ್ನುತ್ತಿದ್ದೆ. ನಿಮಗೆ ಕಕ್ಕೆ ಸರಿಹೋಗುತ್ತದೆ, ಎಲೆ ಉದುರಿದ ಕೊಂಬೆಯ ತುಂಬ ಬೇಸಿಗೆಯಲ್ಲಿ ಹಳದಿ ಗೊಂಚಲು ಜೋಲುತ್ತದೆ. ಇನ್ನೂ ಧೈರ್ಯವಿದ್ದರೆ ಅರಿಶಿನಬೂರುಗ ಹುಡುಕಿ. ಬಂಡೆಯ ಸಂದಿಯಲ್ಲಿ ಬೆಳೆಯುವ ಮರ, ಬರೀ ಕೊಂಬೆಯ ತುದಿಯಲ್ಲಿ ಅಂಗೈಯಗಲದ ಅರಿಶಿನ ಬಣ್ಣದ ಹೂವು.

ಹಾವಿನ ಬಗ್ಗೆ ನನ್ನ ಅಭಿಪ್ರಾಯವೆಂದರೆ, ಹಾವು ಕಲ್ಲಿಗಾಗಿ ಬರುವುದಿಲ್ಲ, ಇಲಿಗಾಗಿ ಬರುತ್ತದೆ. ಕಲ್ಲನ್ನು ರಾಶಿ ಹಾಕಿ ಪೊಟರೆ ಬಿಡುವ ಬದಲು ಪ್ರತಿ ಕಲ್ಲನ್ನೂ ಮೂರನೇ ಒಂದು ಭಾಗ ಹೂತು ಸುತ್ತ ಮಣ್ಣು ಬಡಿಯಿರಿ. ಹೂತ ಕಲ್ಲು ನೆಲದಿಂದ ಹುಟ್ಟಿದಂತೆ ಕಾಣುತ್ತದೆ, ಮೇಲಿಟ್ಟ ಕಲ್ಲು ಲಾರಿಯಿಂದ ಬಿದ್ದಂತೆ ಕಾಣುತ್ತದೆ. ಹಳೆಯ ಕಲ್ಲುಕೂಚಗಳು, ಅಂದರೆ ಬೇಲಿಯ ಕಲ್ಲುಕಂಬಗಳು, ಸಿಕ್ಕರೆ ಬಿಡಬೇಡಿ, ಅಡ್ಡ ಮಲಗಿಸಿದರೆ ದಿಣ್ಣೆಗೆ ಅಂಚು, ನಿಲ್ಲಿಸಿದರೆ ಬಳ್ಳಿಗೆ ಆಸರೆ.

ಸಸಿಮಡಿ (ಚಿಂತಾಮಣಿ), ಏಪ್ರಿಲ್ 20

ಗಿಡಗಳ ವಿಷಯಕ್ಕೆ ಬರುತ್ತೇನೆ. ನಾನು ಸಸಿ ಮಾರುವವನೇ ಆದರೂ ಹೇಳುತ್ತೇನೆ, ಕಡಿಮೆ ಜಾತಿಯ ಗಿಡ ಕೊಳ್ಳಿ. ಇಪ್ಪತ್ತು ಬಗೆ ಒಂದೊಂದು ತಂದರೆ ಸಂತೆಯಂತೆ ಕಾಣುತ್ತದೆ. ಆರೇಳು ಬಗೆ ಆರಿಸಿ ಗುಂಪು ಗುಂಪಾಗಿ ನೆಟ್ಟು, ನಡುವೆ ಧಾರಾಳವಾಗಿ ಖಾಲಿ ಬಿಡಿ. ಒಣಸೀಮೆಯಲ್ಲಿ ಗಿಡಗಳು ಒಂದಕ್ಕೊಂದು ತಾಗಿ ಬೆಳೆಯುವುದಿಲ್ಲ. ಕತ್ತಾಳೆ ಇಂದು ಒಂದು ಗೇಣಿದ್ದರೂ ಮುಂದೆ ಆರಡಿ ಅಗಲ ಹರಡುತ್ತದೆ. ಒಂದೇ ಸಾಕು, ನಡೆಯುವ ದಾರಿಯಿಂದ ದೂರ, ಹಿಂದಿನ ದಿಣ್ಣೆಯ ಮೇಲೆ. ಅದು ಬದುಕಿನಲ್ಲಿ ಒಮ್ಮೆ ಮಾತ್ರ ಹೂಬಿಟ್ಟು ಸಾಯುತ್ತದೆ, ಅಷ್ಟರಲ್ಲಿ ಬುಡದ ಸುತ್ತ ಮರಿಗಳು ಬಂದಿರುತ್ತವೆ. ಮುಂಭಾಗಕ್ಕೆ ಮೆತ್ತನೆಯ ಲೋಳೆಸರ. ಬೇಲಿಗೆ ಬಂದರಿಕೆ, ಅದನ್ನು ದನವೂ ಅಷ್ಟಾಗಿ ಮೇಯುವುದಿಲ್ಲ. ಕಂಬಕ್ಕೆ ಮಂಗರವಳ್ಳಿ ಹಬ್ಬಿಸಿದರೆ ಚಟ್ನಿಗೂ ಆಯಿತು.

ನಮ್ಮ ಕೊಂಬುಗಳ್ಳಿ, ಎಲೆಗಳ್ಳಿಗಳು ಅಮೆರಿಕದಿಂದ ಬಂದ ಪಾಪಾಸುಕಳ್ಳಿಯ ಸಂಬಂಧಿಗಳೇ ಅಲ್ಲ. ಮುರಿದರೆ ಹಾಲು ಬರುವುದು ನಮ್ಮವಕ್ಕೆ. ಆ ಹಾಲು ಕಣ್ಣಿಗೆ ಸಿಡಿದರೆ ಬಹಳ ಅಪಾಯ, ಕತ್ತರಿಸುವಾಗ ಕನ್ನಡಕ, ಕೈಗವಸು ಇಲ್ಲದೆ ಮುಟ್ಟಬೇಡಿ. ಪಾಪಾಸುಕಳ್ಳಿ ನೆಟ್ಟರೆ ಅದರ ಮೇಲೆ ಅರಳೆಯಂತಹ ಬಿಳಿ ಚುಕ್ಕೆಗಳು ಕಾಣಬಹುದು. ಒಂದನ್ನು ಕಡ್ಡಿಯಿಂದ ಅರೆದು ನೋಡಿ, ಕುಂಕುಮದಂತಹ ಕೆಂಪು ಬಂದರೆ ಅದು ಕೊಚಿನೀಲ್ ಕೀಟ. ಹೊಲಗಳನ್ನೇ ನುಂಗುತ್ತಿದ್ದ ಕಳ್ಳಿಯ ಮೆಳೆಗಳನ್ನು ಅಡಗಿಸಲು 1926ರಲ್ಲಿ ಶ್ರೀಲಂಕಾದಿಂದ ದಕ್ಷಿಣ ಭಾರತಕ್ಕೆ ತಂದ ಹುಳವದು, ಈಗ ನಮ್ಮ ಕುಂಡಕ್ಕೂ ಬರುತ್ತದೆ. ಜೋರಾಗಿ ನೀರು ಹಾಯಿಸಿ ಹಳೆಯ ಬ್ರಷ್ಷಿನಿಂದ ಉಜ್ಜಿ.

ಜೂನ್ ತಿಂಗಳಲ್ಲಿ ನೆಲ ನೆನೆದ ಮೇಲೆ ನೆಡಿ, ಸಣ್ಣ ಸಸಿಯನ್ನೇ ನೆಡಿ. ಆಳೆತ್ತರದ ಗಿಡ ಚೀಲದಲ್ಲಿ ಬೇರು ಸುತ್ತಿಕೊಂಡಿರುತ್ತದೆ. ಯಾವ ಬರಗಿಡವಾದರೂ ಮೊದಲ ಬೇಸಿಗೆಗೆ ಮಗುವೇ. ಮರ ಮತ್ತು ಹೂಗಿಡಗಳ ಪಕ್ಕ ಮಣ್ಣಿನ ಗಡಿಗೆಯನ್ನು ಕುತ್ತಿಗೆವರೆಗೆ ಹೂತು, ವಾರಕ್ಕೆ ಎರಡು ಸಲ ತುಂಬಿಸಿ ಮುಚ್ಚಳ ಹಾಕಿ. ಗಡಸು ನೀರಾದರೆ ಒಂದೆರಡು ವರ್ಷಕ್ಕೆ ಗಡಿಗೆಯ ರಂಧ್ರ ಮುಚ್ಚಿಕೊಳ್ಳುತ್ತದೆ, ಮಳೆನೀರು ಹಾಕಿದರೆ ಬಾಳಿಕೆ ಹೆಚ್ಚು.

ಬಂಡೆಮನೆ (ಕೋಲಾರ), ಅಕ್ಟೋಬರ್ 23

ಆರು ತಿಂಗಳ ಮೇಲೆ ವರದಿ ಒಪ್ಪಿಸುತ್ತಿದ್ದೇನೆ. ಹಳ್ಳ ತೋಡಲು ಇಬ್ಬರು ಆಳುಗಳಿಗೆ ನಾಲ್ಕು ದಿನ ಹಿಡಿಯಿತು. ಕಳೆದ ವಾರದ ಮಳೆಯಲ್ಲಿ ಅದು ತುಂಬಿ, ಪೂರ್ವದ ಮೂಲೆಯಲ್ಲಿ ಎರಡು ದಿನ ನೀರು ನಿಂತು ಇಂಗಿತು. ಅಲ್ಲಿ ಲಾವಂಚ ಹಾಕಿದ್ದೇವೆ. ಕಳ್ಳಿಯ ದಿಣ್ಣೆಯಲ್ಲಿ ಏಳರಲ್ಲಿ ಒಂದು ಮಾತ್ರ ಕೊಳೆಯಿತು, ಅದನ್ನು ನಾನೇ ತುಸು ಆಳಕ್ಕೆ ನೆಟ್ಟಿದ್ದೆ. ತಂಗಡಿ ಸೊಂಟದೆತ್ತರ ಬಂದು ಹೂಬಿಟ್ಟಿದೆ, ಮನೆಯವರು ದಿನವೂ ಕಿತ್ತು ದೇವರಿಗೆ ಇಡುತ್ತಿದ್ದಾರೆ. ಕತ್ತಾಳೆಯ ತುದಿಮುಳ್ಳುಗಳನ್ನು ಮೊಮ್ಮಗಳು ಬರುವ ಮೊದಲೇ ಉಗುರುಕತ್ತರಿಯಲ್ಲಿ ತೆಗೆದುಬಿಟ್ಟೆವು.

ಬಂಡೆಮನೆ (ಕೋಲಾರ), ಜನವರಿ 9

ಸ್ವಲ್ಪ ಗಾಬರಿಯಾಗಿದೆ. ಅರಿಶಿನಬೂರುಗದ ಸಸಿ ಎಲೆಯೆಲ್ಲ ಉದುರಿಸಿ ಬರೀ ಕೋಲಾಗಿ ನಿಂತಿದೆ. ಸತ್ತಿತೆಂದು ಕೆಲಸದ ಹುಡುಗ ನಿನ್ನೆ ಎರಡು ಬಕೆಟ್ ನೀರು ಸುರಿದಿದ್ದಾನೆ. ದಿನವೂ ಹಾಕಬೇಕೇ?

ಸಸಿಮಡಿ (ಚಿಂತಾಮಣಿ), ಜನವರಿ 9

ದಯವಿಟ್ಟು ನಿಲ್ಲಿಸಿ, ಸರ್. ಈ ಕಾಲದಲ್ಲಿ ಎಲೆ ಉದುರಿಸುವುದು ಅದರ ಸ್ವಭಾವ. ಬುಡದಿಂದ ಒಂದು ಗೇಣು ಮೇಲೆ ಉಗುರಿನಿಂದ ತೊಗಟೆಯನ್ನು ಎಳ್ಳಿನಷ್ಟು ಕೆರೆದು ಒಳಗಿನ ಬಣ್ಣ ನೋಡಿ ಹೇಳಿ.

ಬಂಡೆಮನೆ (ಕೋಲಾರ), ಜನವರಿ 10

ಕೆರೆದು ನೋಡಿದೆ. ಒಳಗೆ ಹಸಿರಿದೆ, ಉಗುರಿಗೆ ಅಂಟುವಷ್ಟು ತೇವವೂ ಇದೆ. ಹುಡುಗನ ಕೈಯಿಂದ ಬಕೆಟ್ಟನ್ನು ತೆಗೆದು ದಾಸವಾಳದ ಹತ್ತಿರ ಇಟ್ಟಿದ್ದೇನೆ.